ಕೊಲ್ಹಾಪುರಿ ಚಪ್ಪಲಿ ಕಚ್ಚದಿರಲು

ಬೇಸಿಗೆಗೆ ಕೊಲ್ಹಾಪುರಿ ಚಪ್ಪಲಿ ಕೊಳ್ಳುವವರು ಸಂಜೆ ಹೊತ್ತು ಅಂಗಡಿಗೆ ಹೋಗಿ. ಉದ್ದ ಸರಿಯಾಗಿರುವ, ಪಟ್ಟಿ ಮಾತ್ರ ತುಸು ಬಿಗಿ ಅನ್ನಿಸುವ ಜೋಡಿ ಆರಿಸಿ. ಮನೆಗೆ ತಂದು ಪಟ್ಟಿಯ ಒಳಬದಿಗೆ, ಹೆಬ್ಬೆರಳು ತೂರಿಸುವ ಜಾಗಕ್ಕೆ ನಾಲ್ಕೇ ಹನಿ ಕೊಬ್ಬರಿ ಎಣ್ಣೆ ಸವರಿ. ರಾತ್ರಿ ಹಾಗೇ ಬಿಡಿ, ಆಮೇಲೆ ಮೂರ್ನಾಲ್ಕು ದಿನ ಮನೆಯೊಳಗೆ ಅರ್ಧ ಗಂಟೆ ಹಾಕಿಕೊಂಡು ಓಡಾಡಿ. ಸೆಕೆಗೆ, ಓಡಾಟಕ್ಕೆ ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆ, ಅಲ್ವಾ? ಬೆಳಿಗ್ಗೆ ನೋಡಿ ತಂದ ಅಳತೆ ಆಗ ಕಚ್ಚುತ್ತದೆ. ಅಪ್ಪಟ ಚರ್ಮದ ಪಟ್ಟಿ ಎಣ್ಣೆ ಕುಡಿದು ಮೆತ್ತಗಾಗಿ ಹಿಗ್ಗುತ್ತದೆ, ಆದರೆ ಅಟ್ಟೆ ಉದ್ದವಾಗುವುದಿಲ್ಲ. ಹಾಗಾಗಿ ಹಿಮ್ಮಡಿ ಹೊರಗೆ ಬರುವ ಜೋಡಿ ಬೇಡವೇ ಬೇಡ. ರೆಕ್ಸಿನ್ ಪಟ್ಟಿಗೆ ಇದು ನಡೆಯುವುದಿಲ್ಲ, ಎಣ್ಣೆ ಸುಮ್ನೆ ಮೇಲೇ ಜಾರುತ್ತದೆ. ತಿಳಿ ಬಣ್ಣದ ಚರ್ಮ ಕಪ್ಪಾಗಬಹುದು, ಮೊದಲು ಮೂಲೆಯಲ್ಲಿ ಹಚ್ಚಿ ನೋಡಿ. ಎಣ್ಣೆ ಜಾಸ್ತಿ ಆದರೆ ಧೂಳು ಮೆತ್ತುತ್ತದೆ. ಅಂದ ಹಾಗೆ, ಇದಕ್ಕೆ ಕೊಲ್ಹಾಪುರಕ್ಕೇ ಹೋಗಬೇಕಿಲ್ಲ. ನಮ್ಮ ಅಥಣಿಯಲ್ಲೂ ಚೆಂದ ಮಾಡುತ್ತಾರೆ. 2019ರಲ್ಲಿ ಈ ಚಪ್ಪಲಿಗೆ ಸಿಕ್ಕ ಜಿಐ ಟ್ಯಾಗ್‌ನಲ್ಲಿ (ಇಂಥ ಕಡೆಯದ್ದೇ ಎಂದು ಹೇಳುವ ಭೌಗೋಳಿಕ ಗುರುತು) ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಮುಂಗಾರು ಶುರುವಾದ ಕೂಡಲೇ ಎತ್ತಿಡಿ, ನೆನೆದರೆ ಅಟ್ಟೆ ಸೊಟ್ಟಗಾಗುತ್ತದೆ.