ಮೆಮೊ ನಿಂತ ಮೇಲೆ ತುಂಬಿದ ರಿಜಿಸ್ಟರ್

ವಾರ್ಡ್ ಇನ್‌ಚಾರ್ಜ್ ಆದ ಹೊಸದರಲ್ಲಿ, ರೋಗಿಗೆ ಬಳಸಿದ ಸೂಜಿ ಅಕಸ್ಮಾತ್ ನಮ್ಮವರ ಕೈಗೇ ಚುಚ್ಚಿದ್ದನ್ನು ಬರೆಯುವ ರಿಜಿಸ್ಟರ್ ತೆರೆದರೆ ಹಾಳೆಗಳೆಲ್ಲ ಬಿಳಿ. ಇನ್‌ಸ್ಪೆಕ್ಷನ್ನಿಗೆ ಬಂದವರಿಗೆ ಅದನ್ನೇ ಹೆಮ್ಮೆಯಿಂದ ತೋರಿಸುತ್ತಿದ್ದರಂತೆ. ನಮ್ಮದು ಶಿವಮೊಗ್ಗ ಜಿಲ್ಲೆಯ ಕಾಡಂಚಿನ ಆಸ್ಪತ್ರೆ. ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ಜ್ವರ ಅಂತ ಬಂದವರಿಗೆಲ್ಲ ರಕ್ತ ತೆಗೆಯಬೇಕು. ಅಷ್ಟು ಸೂಜಿ ಹಿಡಿದ ಕೈಗೆ ಒಂದೂ ಚುಚ್ಚಲಿಲ್ಲವೇ?

ಗುಟ್ಟು ಬಯಲಾಗಿದ್ದು ಒಂದು ನೈಟ್ ಡ್ಯೂಟಿಯಲ್ಲಿ. ಗುತ್ತಿಗೆಯ ಮೇಲೆ ಬಂದಿದ್ದ ಹುಡುಗಿ ನಲ್ಲಿ ಕೆಳಗೆ ಬೆರಳು ಹಿಡಿದು ಅಳುತ್ತಿದ್ದಳು.

"ಯಾರಿಗೂ ಹೇಳ್ಬೇಡಿ ಸಿಸ್ಟರ್. ಮೆಮೊ ಕೊಡ್ತಾರೆ, ಮುಂದಿನ ವರ್ಷ ತಗೊಳಲ್ಲ."

"ಮೆಮೊ ಹಾಳಾಗ್ಲಿ ಮಾರಾಯ್ತಿ, ಡಾಕ್ಟರ್ ಹತ್ರ ನಡಿ."

ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು; 72 ಗಂಟೆ ದಾಟಿದರೆ ಕೊಡುವುದಿಲ್ಲ. ಇವಳು ಬೆಳಗಾಗುವುದನ್ನೇ ಕಾಯುತ್ತಿದ್ದಳು, ಮನೆಗೆ ಹೋಗಿಬಿಡಲು.

ಮಾರನೇ ದಿನ ಸಾಹೇಬರ ಮುಂದೆ ಕೂತೆ. ಮೂರು ತಿಂಗಳು ಮೆಮೊ ನಿಲ್ಲಿಸಿ ಎಂದೆ. ಶಿಸ್ತು ಹಾಳಾಗುತ್ತದೆ ಎಂದು ಗೊಣಗಿಯೇ ಒಪ್ಪಿದರು. ಚಿಕಿತ್ಸೆಯ ಕಾಗದದಲ್ಲಿ ಹೆಸರು ಇರಲಿ, ವಾರ್ಡಿನ ರಿಜಿಸ್ಟರಿನಲ್ಲಿ ಬೇಡ ಎಂದು ಮಾಡಿಕೊಂಡೆವು. ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡುವಾಗ, ಇಷ್ಟೇ ಸಾಕು.

ಮೊದಲ ತಿಂಗಳೇ ಒಂದು ಪುಟ ತುಂಬಿತು. ಸಾಹೇಬರು ಗಾಬರಿ. ನನಗೆ ಸಮಾಧಾನ, ಚುಚ್ಚುವುದು ಅವತ್ತು ಶುರುವಾದದ್ದಲ್ಲವಲ್ಲ.

ಓದಿದರೆ ಹೆಚ್ಚಿನವು ಬೆಳಗಿನ ಜಾವದವು. ಒಬ್ಬಳೇ ಸಿಸ್ಟರ್, ಇಡೀ ವಾರ್ಡಿನ ರಕ್ತ, ಶಿವಮೊಗ್ಗದ ಲ್ಯಾಬಿಗೆ ಹೋಗುವ ಗಾಡಿಯ ಅವಸರ. ಸೂಜಿ ಹಾಕುವ ಬಿಳಿ ಡಬ್ಬ ಡ್ಯೂಟಿ ರೂಮಿನಲ್ಲಿ, ವಾರ್ಡಿನ ಆ ತುದಿಗೆ. ಅಲ್ಲಿಯವರೆಗೆ ಬರಿ ಸೂಜಿ ಹಿಡಿದು ಹೋಗುವುದು ಹೇಗೆಂದು ಕ್ಯಾಪ್ ಹಾಕಲು ಹೋಗುತ್ತಿದ್ದರು, ಚುಚ್ಚುತ್ತಿದ್ದದ್ದೇ ಅಲ್ಲಿ. "ಕ್ಯಾಪ್ ಹಾಕಬೇಡಿ" ಎಂಬ ಬೋರ್ಡು ಮಾತ್ರ ಗೋಡೆ ಮೇಲಿತ್ತು! ಡಬ್ಬವನ್ನು ಟ್ರಾಲಿಗೇ ಕಟ್ಟಿಸಿದೆ. ತುರ್ತಲ್ಲದ ರಕ್ತವನ್ನು ಹಗಲು ಪಾಳಿಗೆ ಬಿಟ್ಟೆವು. ರಾತ್ರಿಗೆ ಇನ್ನೊಬ್ಬರು ಬೇಕೆಂಬ ಅರ್ಜಿ ಮಾತ್ರ ಕಡತದಲ್ಲೇ ಇದೆ.

ನಾನೇ ಮರೆತಿದ್ದವರು ಕಸ ಎತ್ತುವ ಆಯಾ. ಒಂದು ದಿನ ತಾವಾಗಿಯೇ ಬಂದು, "ನಂದೂ ಬರ್ಕಳಿ ಅಕ್ಕ" ಎಂದು ಅಂಗೈ ಚಾಚಿದರು. ಚೀಲದೊಳಗಿನ ಸೂಜಿ ಎಷ್ಟೋ ಸಲ ತಾಗಿತ್ತಂತೆ. ಹೆಪಟೈಟಿಸ್ ಬಿ ಲಸಿಕೆ ಒಂದು ಡೋಸೂ ಆಗಿರಲಿಲ್ಲ. ಮೊದಲನೆಯದನ್ನು ಅವತ್ತೇ ಹಾಕಿಸಿದೆ. ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಎರಡೂ ತಾರೀಕನ್ನು ಅವರ ಕಣ್ಣೆದುರೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ.