ಬೋರ್ಡಿನ ಒಳಗೇ ಸಿಂಬಲ್ ಪಟ್ಟಿ ಇಟ್ಟ ಕಥೆ

ಪೀಣ್ಯದಲ್ಲಿ ಒಂದು ಪೌಡರ್ ಕೋಟಿಂಗ್ ಓವನ್. ಕಂಟ್ರೋಲರ್ ನಾನೇ ಮಾಡಿಕೊಟ್ಟಿದ್ದು. ಒಳಗಿನ ಚಿಪ್ ಎಸ್‌ಟಿಎಂ32ಎಫ್103, ಪ್ರೋಗ್ರಾಂ ಕೂರೋ ಫ್ಲ್ಯಾಶ್ ಮೆಮೊರಿ 64 ಕೆಬಿ. 180 ಡಿಗ್ರಿಗೆ ಸೆಟ್ ಮಾಡಿಟ್ಟರೆ ಎರಡು ಮೂರು ದಿನಕ್ಕೊಮ್ಮೆ ತಾನೇ 257.3 ಆಗಿ ಕೂರುತ್ತಿತ್ತು. ಬಿಳಿ ಪೌಡರ್ ಎಲ್ಲ ಹಳದಿ. ಗಿರಾಕಿ ನನ್ನ 22 ಸಾವಿರ ಬಾಕಿ ಹಿಡಿದುಕೊಂಡ.

ಡಿಬಗರ್ (ಸಿಪಿಯು ನಿಲ್ಲಿಸಿ ಒಳಗೆ ನೋಡೋ ಸಾಧನ) ಹಾಕು ಮಾರಾಯ, ಈ ಕಾಲದಲ್ಲಿ ಯಾರು ಮಾನಿಟರ್ ಪ್ರೋಗ್ರಾಂ ಬರೀತಾರೆ ಅಂತ ಗೆಳೆಯರು ನಕ್ಕರು. ಓವನ್ ಕಾದಿರುವಾಗ ಸಿಪಿಯು ನಿಲ್ಲಿಸಿದರೆ ಹೀಟರ್ ರಿಲೇ ಆನ್ ಆಗಿಯೇ ಉಳಿಯಬಹುದು. ಪಕ್ಕದಲ್ಲಿ ಅವರು ನಿಲ್ತಾರಾ? ನನ್ನ ಪುಟ್ಟ ಮಾನಿಟರ್ ಎರಡನೇ ಸೀರಿಯಲ್ ಪೋರ್ಟಿನಲ್ಲಿ ಮೊದಲಿಂದಲೂ ಇತ್ತು. ಮೆಮೊರಿ ಓದು, ಬರಿ, ಅಷ್ಟೆ.

ಮೊದಲು ಮ್ಯಾಪ್ ಫೈಲ್, ಅಂದರೆ ಯಾವ ಸಿಂಬಲ್ (ಫಂಕ್ಷನ್, ವೇರಿಯಬಲ್ ಹೆಸರು) ಯಾವ ಅಡ್ರೆಸ್‌ನಲ್ಲಿದೆ ಅನ್ನೋ ಪಟ್ಟಿ, ಪ್ರಿಂಟ್ ತೆಗೆದುಕೊಂಡು ಹೋದೆ. ಬೋರ್ಡಿನಲ್ಲಿದ್ದದ್ದು ಬೇರೆ ಬಿಲ್ಡ್, ಅಂದರೆ ಬೇರೆ ಸಲ ಕಂಪೈಲ್ ಮಾಡಿದ ಕೋಡ್. ತಪ್ಪು ಅಡ್ರೆಸ್ ನೋಡುತ್ತಾ ಎರಡು ದಿನ ಹಾಳು, ಓಡಾಟಕ್ಕೆ ಸುಮಾರು 1,800. ಆಗಲೇ ಪಟ್ಟಿಯನ್ನು ಬೋರ್ಡಿನೊಳಗೇ ಇಟ್ಟು ಅದನ್ನು ತೋರಿಸೋಕೆ 'ಸಿಮ್' ಅಂತ ಒಂದು ಕಮಾಂಡ್ ಸೇರಿಸೋಣ ಅನ್ನಿಸಿದ್ದು.

ಸುಮ್ನೆ ಕೋಡ್ ಜೊತೆ ಸೇರಿಸಿದರೆ ಪಟ್ಟಿಯೇ ಅಡ್ರೆಸ್‌ಗಳನ್ನು ಸರಿಸಿಬಿಡುತ್ತೆ. ಹಾಗಾಗಿ ಫ್ಲ್ಯಾಶಿನ ಕೊನೆಯ 8 ಕೆಬಿ ಅದಕ್ಕೇ ಬಿಟ್ಟೆ. ಕೋಡ್ ಲಿಂಕ್ ಆಗಿ ಅಡ್ರೆಸ್ ಗೊತ್ತಾದ ಮೇಲೆ ಎನ್‌ಎಂ (ಸಿಂಬಲ್ ಪಟ್ಟಿ ತೆಗೆಯೋ ಟೂಲ್) ಓಡಿಸಿ, ಸಿಂಬಲ್ ಒಂದಕ್ಕೆ 16 ಬೈಟ್: ಅಡ್ರೆಸ್‌ಗೆ 4, ಹೆಸರಿಗೆ 12. ಸುಮಾರು 410 ಸಿಂಬಲ್, ಆರೂವರೆ ಕೆಬಿ. ಪಟ್ಟಿ ಅದೇ ಬಿಲ್ಡಿನದೇ ಅಂತ ಬೋರ್ಡ್ ಹೇಗೆ ಖಾತ್ರಿ ಮಾಡಿಕೊಳ್ಳುತ್ತೆ ಅನ್ನೋದು ನನ್ನ ಹತ್ತಿರವೇ ಇರಲಿ.

ಟೇಬಲ್ ಮೇಲೆ ಓಡಿಸಿದೆ. ಇನ್ನೂರು ಚಿಲ್ಲರೆ ಸಾಲು ಬಂದು ನಿಂತಿತು. ಕೇಬಲ್ ಕೆಟ್ಟಿದೆ ಅಂದುಕೊಂಡು 350 ಕೊಟ್ಟು ಹೊಸ ಯುಎಸ್‌ಬಿ ಸೀರಿಯಲ್ ತಂದೆ. ಮತ್ತೆ ಅಲ್ಲೇ ನಿಂತಿತು. ಆಮೇಲೆ ಹೊಳೀತು: 10 ಕೆಬಿ ಅಕ್ಷರ ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಹೋಗೋಕೆ ಹತ್ತಿರ ಹತ್ತಿರ ಒಂದು ಸೆಕೆಂಡ್ ಬೇಕು, ನನ್ನ ವಾಚ್‌ಡಾಗ್ (ಪ್ರೋಗ್ರಾಂ ಸಿಕ್ಕಿಕೊಂಡರೆ ಚಿಪ್ ರೀಸೆಟ್ ಮಾಡೋ ಟೈಮರ್) ಅರ್ಧ ಸೆಕೆಂಡಿನದು! ಈಗ ಮೇನ್ ಲೂಪಿನ ಪ್ರತಿ ಸುತ್ತಿಗೆ ನಾಲ್ಕೇ ಸಾಲು.

ನಡುವೆ ಒಂದು ಆಟ. ಫಂಕ್ಷನ್ ಪಾಯಿಂಟರ್ (ಫಂಕ್ಷನ್‌ನ ಅಡ್ರೆಸ್) ಕೊಟ್ಟರೆ ಹೆಸರು ಹೇಳಬೇಕು ಅಂತ ಮಾಡಿದೆ. ಒಂದೂ ಸಿಗಲಿಲ್ಲ. ಥಂಬ್ ಬಿಟ್‌ನಿಂದ (ಈ ಚಿಪ್‌ನ ಥಂಬ್ ಕೋಡ್ ಅನ್ನೋ ಗುರುತು, ಕೊನೆಯ ಬಿಟ್ 1) ಪಾಯಿಂಟರ್ ಎಲ್ಲ ಬೆಸ, ಎನ್‌ಎಂ ಕೊಡೋದು ಸಮ. ಇನ್‌ಲೈನ್ ಆದ, ಅಂದರೆ ಕರೆದ ಜಾಗದಲ್ಲೇ ಕಂಪೈಲರ್ ಬಿಡಿಸಿಟ್ಟ, ಸ್ಟ್ಯಾಟಿಕ್ ಫಂಕ್ಷನ್‌ಗಳಂತೂ ಪಟ್ಟಿಯಲ್ಲೇ ಇಲ್ಲ.

ಬಗ್ ಸಿಕ್ಕಿದ್ದು ಫಂಕ್ಷನ್‌ಗಳಲ್ಲಿ ಅಲ್ಲ, ರ‍್ಯಾಮಿನಲ್ಲಿ. ಅಡ್ರೆಸ್ ಕ್ರಮದಲ್ಲಿ ಎರಡು ಸಾಲು ಹೀಗಿದ್ದವು:

20000140 ಆರ್‌ಎಕ್ಸ್_ಬಫ್
20000180 ಸೆಟ್_ಟೆಂಪ್

ಎರಡರ ಅಂತರ ಹೆಕ್ಸಿನ (16ರ ಲೆಕ್ಕದ) 40, ಅಂದರೆ 64. ಬಂದ ಸಾಲು ಇಡೋ ಬಫರ್ ಸರಿಯಾಗಿ 64 ಬೈಟ್, ಗೋಡೆಗೆ ಅಂಟಿಕೊಂಡೇ ಸೆಟ್ ಟೆಂಪರೇಚರ್. ಪಿಸಿಯಿಂದ ಬರೋ ಸಾಲಿನ ಕೊನೆಗೆ 13, 10 ಎರಡು ಬೈಟ್ ಇರುತ್ತಲ್ವಾ? ಆಪರೇಟರ್ ಉದ್ದದ ಬ್ಯಾಚ್ ಹೆಸರು ಹೊಡೆದು ಸಾಲು 66 ಬೈಟ್ ಆದ ದಿನ ಆ ಎರಡೂ ಪಕ್ಕದ ಮನೆಗೆ ಬೀಳುತ್ತಿದ್ದವು. ಮೊದಲ ಬೈಟ್ ಚಿಕ್ಕ ಸ್ಥಾನದ್ದು, ಎರಡನೆಯದು 256ರ ಸ್ಥಾನದ್ದು: 10 ಗುಣಿಸು 256, ಕೂಡಿಸು 13. 2573. ನಾನು ಡಿಗ್ರಿಯನ್ನು ಹತ್ತರಷ್ಟು ಮಾಡಿ ಇಡುತ್ತೇನೆ, ಅಂದರೆ 257.3.

ಉದ್ದ ನೋಡೋ ಒಂದು ಇಫ್ ಹಾಕಿದೆ. ತಪ್ಪು ನನ್ನದೇ, ಒಪ್ಪಿಕೊಂಡೆ. ನಾಲ್ಕು ತಿಂಗಳಾಯಿತು, ಸೆಟ್ಟಿಂಗ್ ಅಲುಗಿಲ್ಲ. 22 ಸಾವಿರದಲ್ಲಿ ಗಿರಾಕಿ ಪೌಡರ್ ಲೆಕ್ಕ ಅಂತ 4 ಸಾವಿರ ಮುರಿದುಕೊಂಡ. ಜಾಸ್ತಿ ನಕ್ಕಿದ್ದ ಗೆಳೆಯ ಹೋದ ವಾರ ಫೋನ್ ಮಾಡಿ ಸ್ಕ್ರಿಪ್ಟ್ ಕಳಿಸು ಅಂದ. ಮೊದಲು ಊಟ ಕೊಡಿಸು ಅಂದಿದ್ದೇನೆ.