ರಜೆ ಗಟ್ಟಿ: ಉಳಿದ ಬನ್ನಿನಿಂದ ಬೆಳಗ್ಗಿನ ಸಿಹಿ ತಿಂಡಿ

ಆಟಿ ತಿಂಗಳ ಮಳೆ ಜೋರಾದರೆ ನಮ್ಮ ಉಡುಪಿಯ ಮನೆಗಳಲ್ಲಿ ರಾತ್ರಿ ಒಂದೇ ಕೆಲಸ. ನಾಳೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟರಾ ಅಂತ ಮೊಬೈಲ್ ನೋಡುವುದು. ರಜೆ ಅಂತ ಗೊತ್ತಾದ ಕೂಡಲೇ ನನ್ನ ಇಬ್ಬರು ಮಕ್ಕಳು ಕುಣಿಯುತ್ತಾರೆ. ನಾನು ಕೂತು ಬನ್ ಲೆಕ್ಕ ಹಾಕುತ್ತೇನೆ.

ಕಲ್ಸಂಕದ ಹತ್ತಿರ ನಮ್ಮದೊಂದು ಸಣ್ಣ ಚಾ ಅಂಗಡಿ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಶಾಲೆ, ಕಾಲೇಜಿನ ಮಕ್ಕಳು. ಮರುದಿನದ ಬನ್, ಬ್ರೆಡ್ ಎಲ್ಲ ಹಿಂದಿನ ಸಂಜೆಯೇ ರಿಕ್ಷಾದಲ್ಲಿ ಬಂದು ಇಳಿದಿರುತ್ತದೆ. ಇಳಿಸಿದ ಮೇಲೆ ಬೇಕರಿಯವರು ವಾಪಸ್ ತಗೊಳ್ಳುವುದಿಲ್ಲ. ಕಳೆದ ಮಳೆಗಾಲದಲ್ಲಿ ಒಮ್ಮೆ ಹೀಗೆ 22 ಬನ್ ಉಳಿಯಿತು. ಎಷ್ಟು ಅಂತ ಚಾಗೆ ಅದ್ದಿ ತಿನ್ನುವುದು? ಆಗ ಹುಟ್ಟಿದ್ದು ಈ ಗಟ್ಟಿ. ಅರಶಿನ ಎಲೆಯಲ್ಲಿ ಹಬೆಗೆ ಬೇಯಿಸುವ ತಿಂಡಿಗೆ ನಮ್ಮ ಕಡೆ ಗಟ್ಟಿ ಅನ್ನುತ್ತಾರೆ. ಇದೂ ಹಾಗೇ ಬೇಯುತ್ತದೆ, ಹಾಗಾಗಿ ಗಟ್ಟಿ. ರಜೆ ದಿನ ಮಾತ್ರ ಸಿಗುತ್ತದೆ, ಹಾಗಾಗಿ ಮಕ್ಕಳ ಬಾಯಲ್ಲಿ ರಜೆ ಗಟ್ಟಿ.

ಮೊದಲು ಬನ್ ಪರೀಕ್ಷೆ. ಹಳೆಯದು ಬೇರೆ, ಹಾಳಾದದ್ದು ಬೇರೆ. ಎರಡು ದಿನದ ಬಿರುಸು ಬನ್ ಈ ಕೆಲಸಕ್ಕೆ ಹೊಸತಕ್ಕಿಂತ ಒಳ್ಳೆಯದು. ಆದರೆ ಎಲ್ಲಾದರೂ ಹಸಿರು, ಕಪ್ಪು ಚುಕ್ಕೆ ಕಂಡರೆ ಆ ಭಾಗ ಮಾತ್ರ ಚಿವುಟಿ ಉಳಿದದ್ದನ್ನು ಬಳಸಬೇಡಿ. ಮೆತ್ತಗಿನ ಬನ್ನಿನೊಳಗೆ ಬೂಸ್ಟಿನ ಬೇರು ಕಣ್ಣಿಗೆ ಕಾಣದ ಹಾಗೆ ಹರಡಿರುತ್ತದೆ. ಇಡೀ ಬನ್ ಎಸೆಯಿರಿ. ಮಳೆಗಾಲದಲ್ಲಿ ಇನ್ನೊಂದು ತೊಂದರೆ ಉಂಟು. ಬನ್ ಮುರಿದು ಎರಡು ತುಂಡನ್ನು ನಿಧಾನ ದೂರ ಎಳೆಯಿರಿ. ನಡುವೆ ಹಲಸಿನ ಮೇಣದ ಹಾಗೆ ನೂಲು ಬಂದರೆ, ಅತಿಯಾಗಿ ಕಳಿತ ಅನಾನಸಿನ ವಾಸನೆ ಹೊಡೆದರೆ, ಅದೂ ಹೊರಗೆ. ಇದು ಒಂದು ಬಗೆಯ ಬ್ಯಾಕ್ಟೀರಿಯಾದ ಕೆಲಸ. ಹಿಟ್ಟಿನ ಜೊತೆಗೇ ಬರುತ್ತದೆ, ಬೇಕರಿ ಒಲೆಯ ಬಿಸಿಗೂ ಪೂರ್ತಿ ಸಾಯುವುದಿಲ್ಲ. ಬಿಸಿ, ತೇವ ಎರಡೂ ಸಿಕ್ಕಿದರೆ ಅದಕ್ಕೆ ಹಬ್ಬ. ಕ್ರೀಮ್ ಬನ್ ಉಳಿದಿದ್ದರೆ ಪರೀಕ್ಷೆಯೇ ಬೇಡ, ಬಿಟ್ಟುಬಿಡಿ.

ಫ್ರಿಜ್‌ನಲ್ಲಿಟ್ಟರೆ ಬನ್ ಮೆತ್ತಗೆ ಉಳಿಯುತ್ತದೆ ಅಂತ ನಾನೂ ನಂಬಿದ್ದೆ. ಆಗುವುದು ತಿರುಗಾಮುರುಗ. ಹೊರಗಿಟ್ಟದ್ದಕ್ಕಿಂತ ಬೇಗ ಬಿರುಸಾಗುತ್ತದೆ. ಬನ್ ಬರೀ ನೀರು ಆರಿ ಬಿರುಸಾಗುವುದಲ್ಲ. ಒಳಗಿನ ಪಿಷ್ಟ ಬಿಗಿಯಾಗುತ್ತಾ ಹೋಗುತ್ತದೆ, ಫ್ರಿಜ್‌ನ ತಂಪಿಗೆ ಅದು ಇನ್ನೂ ಬೇಗ. ಬೂಸ್ಟು ತಡವಾಗಿ ಬರುತ್ತದೆ ಅನ್ನುವುದೊಂದೇ ಲಾಭ. ನಾಲ್ಕೈದು ದಿನ ಇಡಬೇಕಿದ್ದರೆ ಮೇಲಿನ ಫ್ರೀಜರ್ ಸರಿ. ಗಟ್ಟಿಗೆ ಎರಡೂ ನಡೆಯುತ್ತದೆ, ಹೇಗೂ ಹಬೆಯಲ್ಲಿ ಮತ್ತೆ ಮೆತ್ತಗಾಗುತ್ತದಲ್ವಾ?

ನಾಲ್ಕು ಜನಕ್ಕೆ 6 ಬನ್ ಬೇಕು. ಬ್ರೆಡ್ ಆದರೆ 10 ತುಂಡು. ಮಧ್ಯಮ ಗಾತ್ರದ ತೆಂಗಿನಕಾಯಿ ಒಂದು. ಹೆರೆದ ಬೆಲ್ಲ ಅರ್ಧ ಲೋಟ (ನನ್ನ ಲೋಟ 200 ಮಿಲಿಯದ್ದು). ಬ್ರೆಡ್ಡಿಗೆ ಬನ್ನಿನಷ್ಟು ಸಿಹಿ ಇರುವುದಿಲ್ಲ, ಬೆಲ್ಲ ಇನ್ನೆರಡು ಚಮಚ ಜಾಸ್ತಿ ಹಾಕಿ. ಓಲೆಬೆಲ್ಲ ಸಿಕ್ಕಿದರೆ ಅದೇ ಹಾಕಿ, ಅದರ ಪರಿಮಳವೇ ಬೇರೆ. ಚೆನ್ನಾಗಿ ಕಳಿತ ಬಾಳೆಹಣ್ಣು ಎರಡು, ಅಕ್ಕಿಹಿಟ್ಟು 3 ಚಮಚ, ಏಲಕ್ಕಿ 3, ಒಂದು ಚಿಟಿಕೆ ಉಪ್ಪು, ತುಪ್ಪ, ಅರಶಿನ ಎಲೆ ನಾಲ್ಕು. ನಾಗರಪಂಚಮಿ ಹೊತ್ತಿಗೆ ಹಿತ್ತಿಲಲ್ಲಿ ಎಲೆಗೆ ಬರವಿಲ್ಲ. ಎಲೆ ಇಲ್ಲದ ಕಾಲದಲ್ಲಿ ಬಾಳೆಲೆ ಹಾಕಿದರೂ ಬೇಯುತ್ತದೆ, ಆದರೆ ಅರ್ಧ ರುಚಿ ಹೋಯಿತು ಅಂತಲೇ ಲೆಕ್ಕ.

ಬನ್ನನ್ನು ಅಡ್ಡಕ್ಕೆ ಮೂರು ಬಿಲ್ಲೆಯಾಗಿ ಕತ್ತರಿಸಿ. ತವದಲ್ಲಿ, ಸಣ್ಣ ಉರಿಯಲ್ಲಿ, ಎಣ್ಣೆ ಹಾಕದೆ ಎರಡೂ ಬದಿ ಮೂರು ಮೂರು ನಿಮಿಷ ಒಣಗಿಸಿ. ಈ ಕೆಲಸ ತಪ್ಪಿಸಬೇಡಿ. ಮಳೆಗಾಲದ ಗಾಳಿಗೆ ಹಳೆ ಬನ್ನಿನ ಸಿಪ್ಪೆಯೂ ಮೆತ್ತಗಾಗಿರುತ್ತದೆ. ಹಾಗೇ ಹಾಕಿದರೆ ಹಾಲು ತಾಗಿದ ಕೂಡಲೇ ಅಂಬಲಿ. ಒಣಗಿದ ಬಿಲ್ಲೆ ಹಾಲು ಎಳೆದುಕೊಂಡೂ ಆಕಾರ ಬಿಡುವುದಿಲ್ಲ.

ಬೆಲ್ಲವನ್ನು ಕಾಲು ಲೋಟ ನೀರಲ್ಲಿ ಕರಗಿಸಿ ಸೋಸಿ. ಮರಳು ಇದ್ದೇ ಇರುತ್ತದೆ. ಕಾಯಿ ತುರಿದು ಅರೆದು, ಮೊದಲ ದಪ್ಪ ಹಾಲು ಅರ್ಧ ಲೋಟ ತೆಗೆದು ಬದಿಗಿಡಿ. ಎರಡನೇ ಸಲ ಬಿಸಿನೀರು ಹಾಕಿ ಹಿಂಡಿದ ಹಾಲು ಒಂದೂವರೆ ಲೋಟ ಸಾಕು. ಬೆಲ್ಲದ ನೀರು ತಣಿದ ಮೇಲೆ ಇದಕ್ಕೆ ಹಾಕಿ, ಅಕ್ಕಿಹಿಟ್ಟು, ಏಲಕ್ಕಿ, ಉಪ್ಪು ಸೇರಿಸಿ ಗಂಟಿಲ್ಲದ ಹಾಗೆ ಕದಡಿ. ಒಮ್ಮೆ ಕಾಯಿ ಇಲ್ಲ ಅಂತ ಕುದಿಯುವ ದನದ ಹಾಲಿಗೆ ಬಿಸಿ ಬೆಲ್ಲ ಸುರಿದೆ. ಎರಡೇ ನಿಮಿಷದಲ್ಲಿ ಹಾಲು ಒಡೆದು ಪನೀರ್ ಆಯಿತು. ದನದ ಹಾಲೇ ಹಾಕುವುದಾದರೆ ಎರಡೂ ಪೂರ್ತಿ ತಣ್ಣಗಿರಲಿ. ಅಥವಾ ಸುಮ್ನೆ ಸಕ್ಕರೆ ಹಾಕಿ, ತಲೆಬಿಸಿ ಇಲ್ಲ.

ಅಂಚಿರುವ ತಟ್ಟೆಗೆ ತುಪ್ಪ ಸವರಿ ಎರಡು ಅರಶಿನ ಎಲೆ ಹಾಸಿ. ಅದರ ಮೇಲೆ ಬನ್ ಬಿಲ್ಲೆ, ನಡುವೆ ಬಾಳೆಹಣ್ಣಿನ ಚಕ್ರ, ಮತ್ತೆ ಬಿಲ್ಲೆ. ಹಾಲನ್ನು ಮೂರು ಸಲವಾಗಿ ಹೊಯ್ಯಿರಿ. ಚಮಚದ ಬೆನ್ನಿಂದ ಮೆಲ್ಲ ಒತ್ತಿ 20 ನಿಮಿಷ ಬಿಡಿ. ಅಕ್ಕಿಹಿಟ್ಟು ಅಡಿಗಿಳಿಯುತ್ತದೆ, ಅದಕ್ಕೇ ಪ್ರತಿ ಸಲ ಹೊಯ್ಯುವ ಮೊದಲು ಕದಡಬೇಕು. ಮೇಲೆ ಉಳಿದ ಎಲೆ ಮುಚ್ಚಿ, ಇಡ್ಲಿ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ತಟ್ಟೆ ಇಡಿ. ಮುಚ್ಚಳಕ್ಕೆ ಬಟ್ಟೆ ಕಟ್ಟಿದರೆ ನೀರಹನಿ ಬೀಳುವುದಿಲ್ಲ. ಮಧ್ಯಮ ಉರಿಯಲ್ಲಿ 30 ನಿಮಿಷ. ತೊಳೆದ ತೆಂಗಿನ ಕಡ್ಡಿ ಚುಚ್ಚಿ ನೋಡಿ, ಹಸಿ ಹಿಟ್ಟು ಅಂಟದಿದ್ದರೆ ಆಯಿತು. ತೆಗೆದ ಕೂಡಲೇ ಕತ್ತರಿಸಿದರೆ ಕುಸಿಯುತ್ತದೆ. ಕಾಲು ಗಂಟೆ ತಾಳಿ. ಮಕ್ಕಳು ತಾಳುವುದಿಲ್ಲ, ಅವರಿಗೆ ಕುಸಿದದ್ದೇ ಕೊಡುತ್ತೇನೆ.

ಬದಿಗಿಟ್ಟ ದಪ್ಪ ಹಾಲನ್ನು ಬಡಿಸುವಾಗ ಮೇಲಿಂದ ಹಾಕಿ. ಅದನ್ನು ಕುದಿಸಬೇಡಿ, ಎಣ್ಣೆ ಬಿಟ್ಟುಕೊಳ್ಳುತ್ತದೆ.

ಮೊಟ್ಟೆ ತಿನ್ನುವವರು ಅಕ್ಕಿಹಿಟ್ಟಿನ ಬದಲು ಎರಡು ಮೊಟ್ಟೆ ಹೊಡೆದು ಹಾಕಬಹುದು. ಇನ್ನೂ ನುಣುಪಾಗುತ್ತದೆ. ಉರಿ ಸಣ್ಣದಿರಲಿ, ಜೋರಾದರೆ ಮೊಟ್ಟೆ ತೂತು ತೂತಾಗುತ್ತದೆ. ನಮ್ಮಲ್ಲಿ ಸೋಮವಾರ, ಸಂಕ್ರಮಣ ಅಂತ ಏನಾದರೊಂದು ಇದ್ದೇ ಇರುತ್ತದೆ, ಹಾಗಾಗಿ ಅಕ್ಕಿಹಿಟ್ಟೇ ಖಾಯಂ.

ಮೊದಲ ಸಲ ತಟ್ಟೆ ತುಂಬಾ ಬನ್ ನೋಡಿ ಅತ್ತೆ ಕೇಳಿದ್ದು, "ಯಾರಿಗೆ ಮಾರಾಯ್ತಿ ಜ್ವರ?" ಅವರ ಕಾಲದಲ್ಲಿ ಬ್ರೆಡ್ಡು, ಬನ್ನು ಮನೆಗೆ ಬರುತ್ತಿದ್ದದ್ದೇ ಯಾರಾದರೂ ಮಲಗಿದಾಗ. ತಿಂದ ಮೇಲೆ, "ಬೆಲ್ಲ ಸ್ವಲ್ಪ ಕಮ್ಮಿ" ಅಂದರು. ಅತ್ತೆಯಿಂದ ಅಷ್ಟು ಬಂದರೆ ಹೊಗಳಿಕೆಯೇ.

ಅರ್ಧ ಗಂಟೆಯೂ ಪುರುಸೊತ್ತಿಲ್ಲದ ದಿನ ರಸಾಯನ ಮಾಡಿ. ಶ್ಯಾವಿಗೆಗೆ ಮಾಡುವ ಅದೇ ಬಾಳೆಹಣ್ಣಿನ ರಸಾಯನ: ಹಣ್ಣು, ಕಾಯಿಹಾಲು, ಬೆಲ್ಲ, ಏಲಕ್ಕಿ, ಹುರಿದ ಎಳ್ಳು. ಬ್ರೆಡ್ಡನ್ನು ತುಪ್ಪದಲ್ಲಿ ಗರಿಗರಿ ಕಾಯಿಸಿ ಅದ್ದಿ ತಿನ್ನಿ. ಡಬ್ಬಿಯ ತಳದ ರಸ್ಕ್ ಪುಡಿಯನ್ನೂ ಇದರ ಮೇಲೆ ಉದುರಿಸಬಹುದು, ಆದರೆ ಬಟ್ಟಲಿಗೆ ಹಾಕಿದ ಮೇಲೆ. ಮೊದಲೇ ಹಾಕಿದರೆ ಮಡ್ಡಿಯಾಗುತ್ತದೆ.

ಗಟ್ಟಿ ಉಳಿದರೆ ಸಂಜೆವರೆಗೆ ಹೊರಗಿಡಬೇಡಿ, ಕಾಯಿಹಾಲು ಹಳಸುತ್ತದೆ. ತಣಿದ ಕೂಡಲೇ ಫ್ರಿಜ್‌ಗೆ ಹಾಕಿ. ನಾಲ್ಕು ಗಂಟೆಯ ಚಾಗೆ ಬೆರಳು ದಪ್ಪಕ್ಕೆ ಕೊಯ್ದು, ತವದಲ್ಲಿ ತುಪ್ಪ ಹಾಕಿ ಎರಡೂ ಬದಿ ಕೆಂಪಗೆ ಕಾಯಿಸಿ. ಬೆಲ್ಲ ಬೇಗ ಕರಟುತ್ತದೆ, ತವದ ಹತ್ತಿರವೇ ನಿಂತಿರಿ.